ಅಜ್ಜಿಯ ಕಾಯಿಗಂಟೆ

ಹೂ ಕದಿಯುವವರು ಇರುತ್ತಾರೆ, ಚಪ್ಪಲಿ ಕದಿಯುವವರು ಇರುತ್ತಾರೆ. ನಾನು ದನಿ ಕದಿಯುವವನು. ಇದರಲ್ಲೊಂದು ಅನುಕೂಲವಿದೆ. ಕಳೆದುಕೊಂಡವರ ಬಳಿ ಮಾಲು ಹಾಗೇ ಉಳಿದಿರುತ್ತದೆ, ಆದ್ದರಿಂದ ಪೊಲೀಸರು ಬರುವುದಿಲ್ಲ. ಯಾರಾದರೂ ಎದುರಿಗೆ ಕೂತು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಮಾತಾಡಿದರೆ ಸಾಕು, ಎದ್ದು ಹೋಗುವಾಗ ಅವರ ಗಂಟಲು ನನ್ನ ಬಳಿ ಇರುತ್ತದೆ. ಒಮ್ಮೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬರ ಹಾಗೆ ‘ರೈಟ್... ರೈಟ್’ ಎಂದೆ. ಬೇಲೂರಿನ ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರು ಟೀ ಅಂಗಡಿಯ ಮುಂದೆ ಬನ್ನು ಅದ್ದುತ್ತ ನಿಂತಿದ್ದರು. ಅವರು ಓಡಿದ ಓಟವನ್ನೂ ಮಾಡಿ ತೋರಿಸಬಲ್ಲೆ, ಅದಕ್ಕೆ ಸ್ವಲ್ಪ ಜಾಗ ಬೇಕು. ಕೊಬ್ಬರಿ ಕೊಳ್ಳುವವರ ಹತ್ತಿರ ಫೋನಿನಲ್ಲಿ ಮಾತಾಡುವಾಗ ಅಪ್ಪ ತಂದುಕೊಳ್ಳುವ ದುಃಖದ ದನಿ, ನಮ್ಮ ಮನೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನುವ ಮೊದಲು ಹಳೇಬೀಡಿನ ಅತ್ತೆ ಬಿಡುವ ನಿಟ್ಟುಸಿರು, ಎಲ್ಲವೂ ನನ್ನ ದಾಸ್ತಾನಿನಲ್ಲಿವೆ. ನನ್ನದೇ ದನಿ ಹೇಗಿದೆ ಎಂದು ಮಾತ್ರ ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ. ಅದನ್ನು ಬಳಸುವ ಸಂದರ್ಭವೇ ಕಮ್ಮಿ.

ನನ್ನ ದಾಸ್ತಾನಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಾಲು ಅಜ್ಜಿಯದು. ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಬಂದವರ ಹಾಗೆ ಒಂದು ಏದುಸಿರು, ಆಮೇಲೆ ಎಳೆದು ‘ಲೋ ಚನ್ನಾ... ಯಾರಿದೀರ್‍ರೋ...’ ಎಂದು. ಅದನ್ನು ಕೇಳಿ ಅಮ್ಮ ಒಲೆ ಬಿಟ್ಟು ಓಡುತ್ತಿದ್ದಳು, ಅಪ್ಪ ಊಟದ ಕೈಯಲ್ಲೇ ಏಳುತ್ತಿದ್ದರು, ನಾನು ಕಂಬದ ಹಿಂದೆ ನಗುತ್ತಿದ್ದೆ. ಕೆಲವು ದಿನ ಹೀಗೆ ನಡೆದ ಮೇಲೆ ಯಾರೂ ಏಳುವುದನ್ನು ಬಿಟ್ಟರು. ಅಲ್ಲಿಗೆ ನನ್ನ ಆಟ ಮುಗಿಯಿತು. ಅಜ್ಜಿಯ ಕಷ್ಟ ಶುರುವಾಯಿತು.

ಅಜ್ಜಿ ಬಚ್ಚಲಲ್ಲಿ ಜಾರಿ, ಸೊಂಟ ಉಳುಕಿ, ಹಿಂದಿನ ಕೋಣೆಯ ಮಂಚ ಹಿಡಿದಿದ್ದಳು. ಆ ಮಂಚ ತಾತನದು, ತಾತ ಹೋದದ್ದೂ ಅದರ ಮೇಲೆಯೇ. ಕೋಣೆಯ ನೆತ್ತಿಗೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ. ಒಂದು ಸಂಜೆ ಅಜ್ಜಿ ನೀರಿಗಾಗಿ ಕರೆದಳು. ಅಡುಗೆಮನೆಯಲ್ಲಿದ್ದ ಅಮ್ಮ, ‘ಸಾಕು ನಿಲ್ಸೋ, ಹಾಲು ಉಕ್ತಾ ಇದೆ’ ಎಂದು ಗದರಿದಳು. ನಾನಾಗ ಪೇಟೆಯಲ್ಲಿ, ನಾನು ಕೆಲಸ ಮಾಡುವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಯಾರಿಗೋ ಬಲ್ಬು ಉರಿಸಿ ತೋರಿಸುತ್ತಿದ್ದೆ. ಅಜ್ಜಿ ತಾನೇ ಏಳಲು ಹೋಗಿ ಮಂಚದಿಂದ ಜಾರಿ, ಅಪ್ಪ ಬರುವವರೆಗೂ ನೆಲದ ಮೇಲೆ ಕೂತಿದ್ದಳು.

ಸುದ್ದಿ ಹಳೇಬೀಡಿಗೆ ಮುಟ್ಟಿತು. ಮಾರನೆಯ ದಿನವೇ ಅತ್ತೆ ಬಂದಿಳಿದರು. ಈ ಸಲ ನಿಟ್ಟುಸಿರೂ ಇಲ್ಲ, ನೇರವಾಗಿ ಮಾತು. ‘ಅಣ್ಣ, ಅವ್ವ ಕೂಗಿದ್ರೆ ಹುಡ್ಗ ಆಡ್ಕತಾವ್ನೆ ಅಂತ ಸುಮ್ನಿರೋ ಮನೇಲಿ ನಮ್ಮವ್ವನ್ನ ಬಿಡಕಾಗಲ್ಲ. ಬರೋ ಭಾನುವಾರ ಬತ್ತೀನಿ. ಅವ್ವ ಕರೆದಾಗ ಯಾರೂ ಏಳ್ನಿಲ್ಲ ಅಂದ್ರೆ ನಂಜೊತೆ ಕರ್ಕಂಡು ಹೋಯ್ತೀನಿ.’ ಆಮೇಲೆ ನನ್ನ ಕಡೆ ತಿರುಗಿ, ‘ಏನೋ, ಊರಿಗೆಲ್ಲ ಕಾಲಿಂಗ್ ಬೆಲ್ ಮಾರ್ತೀಯಂತೆ. ನಿಮ್ಮಜ್ಜಿ ನೆಲ ಕುಟ್ಬೇಕಾ?’ ಎಂದರು.

ಅಜ್ಜಿಗೆ ಹೋಗುವ ಮನಸ್ಸಿರಲಿಲ್ಲ. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: ‘ಅಲ್ಲಿ ನಂಗೆ ನಿದ್ದೆ ಬರಲ್ಲ ಕಣೋ. ಇಲ್ಲಿ ಅಟ್ಟದ ಮ್ಯಾಲೆ ಕಾಯಿ ಐತೆ. ಅದು ಒಣಗೋ ಸದ್ದು ಕೇಳ್ತಿದ್ರೆ ನಿಮ್ಮ ತಾತ ಓಡಾಡ್ದಂಗೆ ಇರ್ತದೆ.’

ಸರಿ, ಅಂಗಡಿಯಿಂದ ಕಾಲಿಂಗ್ ಬೆಲ್ ತಂದೆ. ಒತ್ತಿದರೆ ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುವಂಥದು. ಅಜ್ಜಿ ಒಮ್ಮೆ ಒತ್ತಿ, ‘ನಾನು ಕರೆದ್ರೆ ಹಕ್ಕಿ ಯಾಕೆ ಕೂಗ್ಬೇಕು’ ಎಂದು ದೂರ ತಳ್ಳಿದಳು. ಅಷ್ಟರಲ್ಲಿ ಕರೆಂಟೂ ಹೋಯಿತು. ಹಿತ್ತಾಳೆ ಗಂಟೆ ತಂದರೆ, ‘ನಾನೇನು ಪೂಜೆ ಮಾಡ್ಬೇಕಾ’ ಎಂದಳು. ಮೊಬೈಲ್ ಕೊಟ್ಟರೆ ಅದನ್ನು ತಿರುಗಿಸಿ ಕನ್ನಡಿ ಮಾಡಿಕೊಂಡಳು. ಸೋತು ಅಟ್ಟ ಹತ್ತಿ ಕೂತಾಗ ನನ್ನ ಮೊಣಕಾಲು ತಗುಲಿ ಒಂದು ಕಾಯಿ ಉರುಳಿತು. ಉರುಳಿದಷ್ಟು ದೂರವೂ ಅದರ ಹೊಟ್ಟೆಯೊಳಗೆ ಗುಡುಗುಡು. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದಾಗ ಬರುವ ಸದ್ದು ಅದು. ತಾತ ಇದ್ದಾಗ ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಕುಲುಕಿ ನೋಡುತ್ತಿದ್ದರು. ಬಿರುಸಾಗಿ ಎರಡು ಸಲ, ತುಸು ತಡೆದು, ಮೆತ್ತಗೆ ಇನ್ನೊಂದು ಸಲ. ಮನೆಯಲ್ಲಿ ಬೇರೆ ಯಾರೂ ಹಾಗೆ ಕುಲುಕುವುದಿಲ್ಲ.

ಚೆನ್ನಾಗಿ ಒಣಗಿದ ಎರಡು ಕಾಯಿ ಆರಿಸಿ, ನಾರಿನ ಬಲೆ ಹೆಣೆದು, ಅಡುಗೆಮನೆಯ ತೊಲೆಗೆ ಜೋಡಿಯಾಗಿ ತೂಗುಹಾಕಿದೆ. ಅಲ್ಲಿಂದ ಹುರಿ ಅಟ್ಟದ ಮೇಲೆ ಹಾದು, ದಾರದ ಖಾಲಿ ರೀಲಿನ ಮೇಲೆ ಉರುಳಿ, ಅಜ್ಜಿಯ ಮಂಚದ ತಲೆದೆಸೆಗೆ ಇಳಿಯುತ್ತಿತ್ತು. ತುದಿಗೆ ಅವಳ ಹಳೇ ಸೀರೆಯ ಅಂಚು ಸುತ್ತಿ ಹಿಡಿ ಮಾಡಿದೆ. ಅಜ್ಜಿ ಎಳೆದಳು. ಅಡುಗೆಮನೆಯಲ್ಲಿ ಕಾಯಿಗಳು ಡಿಕ್ಕಿ ಹೊಡೆದು ಗುಡುಗಿದವು. ಅಮ್ಮ ಓಡಿ ಬಂದಳು. ಅಪ್ಪ ನನ್ನನ್ನು ಕರೆದು, ‘ಎಲ್ಲಿ, ಈ ಸದ್ದು ಮಾಡು ನೋಡೋಣ’ ಎಂದರು. ಮಾಡಿದೆ. ಹೊಟ್ಟೆ ಕೆಟ್ಟವನ ಸದ್ದು ಬಂತು. ‘ಅಬ್ಬಾ, ಇವನ ಕೈಲಿ ಆಗ್ದೇ ಇರೋದೂ ಒಂದು ಐತೆ’ ಎಂದು ಅಪ್ಪ ಉದ್ಧಾರವಾದವರ ಹಾಗೆ ನಿಟ್ಟುಸಿರುಬಿಟ್ಟರು.

ಗುರುವಾರ ಸಂಜೆ ದೀಪ ಹಚ್ಚುವ ಹೊತ್ತು. ಅಜ್ಜಿಯನ್ನು ಗಾಳಿಗೆಂದು ಜಗಲಿಗೆ ಎತ್ತಿ ತಂದು ಕೂರಿಸಿದ್ದೆವು. ಅಪ್ಪ ಪಕ್ಕದಲ್ಲಿದ್ದರು, ನಾನು ಮೆಟ್ಟಿಲ ಮೇಲಿದ್ದೆ. ಒಳಗೆ ಕಾಯಿ ಅಲ್ಲಾಡಿತು. ಅಮ್ಮ ಅಭ್ಯಾಸಬಲದಿಂದ ಹಿಂದಿನ ಕೋಣೆಗೆ ನಡೆದು, ಹೋದಷ್ಟೇ ನಿಧಾನವಾಗಿ ವಾಪಸು ಬಂದು, ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಯಾರೂ ಕಮ್ಮಿ ಇರಲಿಲ್ಲ. ನಾನು ಹೋಗಿ ನೋಡಿದೆ. ಮಂಚ ಖಾಲಿ, ಕಂಬಳಿ ಮಡಿಸಿದ್ದು ಮಡಿಸಿದ ಹಾಗೇ ಇದೆ. ಸೀರೆಯಂಚಿನ ಹಿಡಿ ಮಾತ್ರ ಈಗ ತಾನೇ ಯಾರೋ ಕೈಬಿಟ್ಟ ಹಾಗೆ ತೂಗುತ್ತಿತ್ತು. ‘ನಾರಿನ ಹುರಿ ಸಂಜೆ ತಂಪಿಗೆ ಬಿಗೀತದೆ ಕಣೋ, ಅದಕ್ಕೆ’ ಎಂದರು ಅಪ್ಪ, ಒಳಗೆ ಬಾರದೆ. ಶುಕ್ರವಾರವೂ ಹುರಿ ಬಿಗಿಯಿತು. ಎರಡು ಸಲ ಬಿರುಸಾಗಿ ಬಿಗಿದು, ತುಸು ತಡೆದು, ಇನ್ನೊಂದು ಸಲ ಮೆತ್ತಗೆ ಬಿಗಿಯಿತು. ಅಪ್ಪ ತಂಪಿನ ವಿಷಯ ಮತ್ತೆ ಎತ್ತಲಿಲ್ಲ. ಅಮ್ಮ ಮಾತ್ರ ನನ್ನ ಕಿವಿಯಲ್ಲಿ, ‘ದೀಪ ಹಚ್ಚೋ ಹೊತ್ತಲ್ಲಿ ಸದ್ದಾದ್ರೆ ಯಾರೂ ಹೋಗಬಾರ್ದು, ಓಗೊಡಬಾರ್ದು’ ಎಂದಳು. ಅಜ್ಜಿಗಾಗಿ ಮಾಡಿದ ಗಂಟೆಗೆ ಈಗ ಅಜ್ಜಿ ಎಳೆದರೂ ಯಾರೂ ಏಳದ ಹಾಗಾಯಿತು. ನಾನು ದನಿಯಲ್ಲಿ ಮಾಡಿದ ಅನಾಹುತವನ್ನೇ ಈ ಸಲ ನಾರಿನಲ್ಲಿ ಹೆಣೆದಿದ್ದೆ.

ಭಾನುವಾರ ಅತ್ತೆ ಬಂದರು. ಅಜ್ಜಿ ಇಡೀ ದಿನ ಯಾರನ್ನೂ ಕರೆಯಲಿಲ್ಲ. ಸಂಜೆ ಅಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ, ಅಡುಗೆಮನೆಯಲ್ಲಿ ಕೂತಿದ್ದ ಅತ್ತೆಯ ತಲೆಯ ಮೇಲೆಯೇ ಕಾಯಿ ಗುಡುಗಿತು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬಾಯ್ತುಂಬ ಹೋಳಿಗೆ ತುಂಬಿಕೊಂಡು ನಿಂತಿದ್ದೆ. ಅಮ್ಮನ ಕೈ ನಿಂತಿತು. ಅಪ್ಪ ಗೋಡೆ ನೋಡಿದರು. ಯಾರೂ ಏಳಲಿಲ್ಲ. ಅತ್ತೆ ನಿಟ್ಟುಸಿರಿಗೆಂದು ಉಸಿರೆಳೆದುಕೊಂಡರು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ‘ಬಂದೆ ಅಜ್ಜಿ’ ಎಂದು ನನ್ನ ದನಿ ಕೇಳಿಸಿತು.

ಅತ್ತೆಯ ಮುಖ ಅರಳಿತು. ‘ಪರವಾಗಿಲ್ಲ ಕಣಣ್ಣ, ಹುಡ್ಗ ಎಷ್ಟು ಬೇಗ ಹೋದ...’ ಎನ್ನುತ್ತ ತಿರುಗಿದವರಿಗೆ ಬಾಗಿಲ ಸಂದಿಯಲ್ಲಿ ನಾನು ಕಂಡೆ. ಹೋಳಿಗೆ ನುಂಗುವುದೋ ಉಗಿಯುವುದೋ ಗೊತ್ತಾಗದೆ ಹಾಗೇ ನಿಂತಿದ್ದೆ. ಆಮೇಲೆ ನಾವು ನಾಲ್ವರೂ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ ಹಿಂದಿನ ಕೋಣೆಗೆ ಹೋದೆವು. ಅಜ್ಜಿ ದಿಂಬಿಗೆ ಒರಗಿ ಲೋಟದಲ್ಲಿ ನೀರು ಕುಡಿಯುತ್ತಿದ್ದಳು.

‘ನೀರು ಯಾರು ಕೊಟ್ರವ್ವ?’ ಅತ್ತೆ ಕೇಳಿದರು.

‘ಇವನೇ’ ಎಂದು ಅಜ್ಜಿ ನನ್ನತ್ತ ಗದ್ದ ಎತ್ತಿ ತೋರಿಸಿದಳು. ‘ಕತ್ಲಲ್ಲಿ ದೀಪಾನೂ ಹಾಕ್ದೆ ಕೊಟ್ಟು ಹೋದ. ನಾನು ಎಲ್ಲಿಗೂ ಬರಲ್ಲ ಕಣೇ. ಇಲ್ಲಿ ಕರೆದ್ರೆ ಬತ್ತಾರೆ.’

ಅತ್ತೆ ಹಿಂದಿನ ಕೋಣೆಗೆ ಬೆನ್ನು ತೋರಿಸದೆ, ಹಿಮ್ಮುಖವಾಗಿಯೇ ಹೊರಬಂದು ಹಳೇಬೀಡಿನ ಬಸ್ಸು ಹಿಡಿದರು. ಅಜ್ಜಿ ಉಳಿದಳು.

ಆ ದನಿಯ ಬಗ್ಗೆ ಕಸುಬುದಾರನಾಗಿ ನನಗೆ ಒಂದೆರಡು ತಕರಾರುಗಳಿವೆ. ಸ್ವಲ್ಪ ಮೂಗಿನಲ್ಲಿತ್ತು. ನಾನು ಹಾಗೆ ಮಾತಾಡುತ್ತೇನೆಯೇ ಎಂದು ಅಮ್ಮನನ್ನು ಕೇಳಿದೆ. ‘ಥೇಟ್ ನೀನೇ ಕಣೋ. ವಿನಯ ಮಾತ್ರ ಒಂಚೂರು ಜಾಸ್ತಿ ಇತ್ತು’ ಎಂದಳು. ಈಗ ಸಂಜೆಯಾದರೆ ಅಂಗಡಿಯಲ್ಲಿ ಗಿರಾಕಿ ಇದ್ದರೂ ಬಿಟ್ಟು ಮನೆಗೆ ಓಡುತ್ತೇನೆ. ಕಾಯಿ ಗುಡುಗಿದ ಕೂಡಲೇ ನೀರು ಹಿಡಿದು ಹಿಂದಿನ ಕೋಣೆಗೆ ಧಾವಿಸುತ್ತೇನೆ. ನನ್ನ ದನಿಗಿಂತ ಮೊದಲು ನಾನು ಅಲ್ಲಿ ಮುಟ್ಟಬೇಕು. ಹೆಚ್ಚಿನ ದಿನ ಮುಟ್ಟುತ್ತೇನೆ. ನಿನ್ನೆ ಮಾತ್ರ ಬಸ್ ನಿಲ್ದಾಣದ ಹತ್ತಿರ ತಡವಾಯಿತು. ಏದುಸಿರುಬಿಡುತ್ತ ಲೋಟ ಚಾಚಿದರೆ ಅಜ್ಜಿ ಅದನ್ನು ಮುಟ್ಟಿ ನೋಡಿ, ‘ಇದ್ಯಾಕೋ ಚನ್ನ, ಆಗ್ಲೇ ನೀನೇ ಬಿಸಿನೀರು ಕೊಟ್ಟಿದ್ದೆ. ಈಗ ತಣ್ಣೀರು ತಂದಿದೀಯ’ ಎಂದಳು.