ಪಕ್ಕದ ಮನೆಯೋಳ ಬೆವರು

ವಸಿ ಹತ್ತಿರಕ್ಕೆ ಬನ್ನಿ, ಬಾಗಿಲು ಮುಂದಕ್ಕೆ ಎಳೀರಿ. ಇದನ್ನ ಯಾರಿಗೂ ಹೇಳಬಾರದು. ನಾನೂ ನಮ್ಮ ಬೀದಿಯೋರಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ. ಬಾಯಿ ಕಟ್ಟಬೋದು, ಮೈಯ ಕಟ್ಟೋಕಾಯ್ತದಾ? ಅದು ಒಳಗಿನ ಗುಟ್ಟನ್ನ ಆಚೆಗೆ ಹಾಕ್ತಾನೇ ಇರ್ತದೆ. ಅದಕ್ಕೇ ನನ್ನಂತೋಳಿಗೆ ಯಾವತ್ತೂ ಕೆಲಸ ತಪ್ಪಿಲ್ಲ.

೧. ಧನುರ್ಮಾಸದ ಸೆಕೆ

ಅರಕೆರೆಗೆ ಎಸ್‌ಟಿಡಿ ಬೂತು ಹೊಸದಾಗಿ ಬಂದಿದ್ದ ಕಾಲ. ಪಕ್ಕದ ಮನೆಯೋಳಿಗೆ ನಲವತ್ತೆಂಟಿರಬೋದು. ಊರೆಲ್ಲ ಕಂಬಳಿ ಹೊದ್ದು ನಡುಗ್ತಿದ್ರೆ ಅವಳು ಹಿತ್ತಲಲ್ಲಿ ಕೂತು ಮೊರದಲ್ಲಿ ಗಾಳಿ ಹಾಕ್ಕೋತಿದ್ಲು. ಮುಖ ಕೆಂಪಗೆ, ರವಿಕೆ ಒದ್ದೆ. ಗಳಿಗೆ ಕಳೀತಿದ್ದಂಗೆ ಸೆರಗು ಹೊದ್ದು ಚಳಿ ಅಂತಿದ್ಲು.

"ಯಾಕವ್ವ ಇಂಗೆ?" ಅಂದೆ.

"ಒಲೆ ಮುಂದಿದ್ದೆ ಕಣ್ ದೊಡ್ಡವ್ವ."

ಒಲೆ ಹಚ್ಚೇ ಇರಲಿಲ್ಲ. ಮಜ್ಜಿಗೆ ಕೇಳೋ ನೆವದಲ್ಲಿ ಆಗಲೇ ಹೋಗಿ ನೋಡ್ಕೊಂಡು ಬಂದಿದ್ದೆ.

೨. ನಲ್ಲಿ ಹತ್ರ ಊದಿದ್ದು

ಮುಟ್ಟಾದೋರು ನಮ್ಮ ಬೀದೀಲಿ ಮೂರು ದಿನ ಅಡುಗೆಮನೆಗೆ ಹೋಗಲ್ಲ, ಜಗಲೀಲೇ ಊಟ. ಯಾರು ಯಾವಾಗ ಕೂತ್ರು ಅನ್ನೋದು ನಂಗೆ ಬಾಯಿಪಾಠ. ಅವಳು ನಾಕು ತಿಂಗಳಿಂದ ಕೂತಿರ್ನಿಲ್ಲ.

"ಬಸುರಿ ಕಣ್ರವ್ವ, ಈ ವಯಸ್ಸಲ್ಲಿ!" ಅಂತ ನಲ್ಲಿ ಹತ್ರ ಒಬ್ಬಳ ಕಿವೀಲಿ ಊದಿದೆ. ಸುದ್ದಿ ಬಸ್ಸು ಹತ್ತಿ ಕೆ.ಆರ್. ಪೇಟೆ ಸೇರ್ತು. ಅವಳ ಮಗಳನ್ನ ಒಪ್ಪಿದ್ದ ಗಂಡಿನ ಮನೆ ಅಲ್ಲೇ. ನಿಶ್ಚಿತಾರ್ಥ ನಿಂತೋಯ್ತು.

ಗಂಡಿನ ತಾಯಿ ಹೇಳಿ ಕಳಿಸಿದ್ಲಂತೆ: "ಸೊಸೆ ಬಾಣಂತನ ತೌರಲ್ಲಾಗ್ಬೇಕು. ಬೀಗಿತೀನೇ ಬಾಣಂತಿಯಾಗಿ ಕೂತ್ರೆ ಇಬ್ರಿಗೂ ನೀರು ಹಾಕೋರು ಯಾರು?"

೩. ಕಿಟಕಿ ಪಕ್ಕದ ಸೀಟು

ಮಗಳು ಊಟ ಬಿಟ್ಲು. ತಾಯಿ ಸುಮ್ನೆ ಕೂರ್ಲಿಲ್ಲ. ಗಂಡಿನ ತಾಯೀನೇ ಕರೆಸ್ಕೊಂಡು ಪಾಂಡವಪುರದ ಡಾಕ್ಟ್ರಮ್ಮನ ಹತ್ರ ಹೊರಟ್ಲು. ಮಂಡಿ ನೋವು ಅಂತ ನಾನೂ ಅದೇ ಬಸ್ಸು ಹತ್ತಿ, ಅವರ ಹಿಂದೇನೇ ಡಾಕ್ಟ್ರಮ್ಮನ ಮುಂದಕ್ಕೂ ಹೋದೆ.

"ಬಸುರೂ ಇಲ್ಲ, ಗಿಸುರೂ ಇಲ್ಲ. ಮುಟ್ಟು ನಿಲ್ಲೋ ವಯಸ್ಸು," ಅಂದ್ರು ಡಾಕ್ಟ್ರಮ್ಮ. "ಸೆಕೆ ಇಲ್ದಿದ್ರೂ ಮೈ ಸೆಕೆ ಅಂದ್ಕೊತದೆ, ತಣ್ಣಗಾಗೋಕೆ ಬೆವರ್ತದೆ. ಹೊಂದ್ಕೊಳೋವರ್ಗೂ ಹಿಂಗೇ."

ಗಂಡಿನ ತಾಯಿ ತಲೆ ತಗ್ಗಿಸಿದ್ಲು. "ನಂಗೂ ಆರು ತಿಂಗಳಿಂದ ಇಂಗೇ ಕಣಕ್ಕ. ನಾಚ್ಕೊಂಡು ಹೇಳಿರ್ನಿಲ್ಲ. ಬರೋವಾಗ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿದ್ದೂ ಅದಕ್ಕೇಯ."

ವಾಪಸ್ಸು ಇಬ್ರೂ ಒಂದೇ ಕಿಟಕಿಗೆ ಮುಖ ಕೊಟ್ಟು ಬಂದ್ರು. ನಂಗೂ ಆ ವಯಸ್ಸಲ್ಲಿ ಹಂಗೇ ಆಗಿತ್ತು. ಹೇಳಿ ಕೊಡೋರು ಯಾರಿದ್ರು? ಗಾಳಿ ಸೋಕೈತೆ ಅಂತ ಬೇವಿನ ಸೊಪ್ಪಲ್ಲಿ ಹೊಡೆಸ್ಕೊಂಡಿದ್ದೆ.

೪. ಕುಂಕುಮದ ಬಟ್ಟಲು

ನಿಂತೋಗಿದ್ದ ನಿಶ್ಚಿತಾರ್ಥ ಮತ್ತೆ ಕೂಡ್ಕೊಂತು. ಕರೆಯೋಕೆ ಅವಳು ಕುಂಕುಮದ ಬಟ್ಟಲು ಹಿಡ್ಕೊಂಡು ನಮ್ಮನೆಗೂ ಬಂದ್ಲು. ನಾಕಾರು ಹೆಂಗಸರು ಕೂತಿದ್ರು.

"ಆ ಸುದ್ದಿ ಹಬ್ಸಿದ್ದು ಯಾರು ದೊಡ್ಡವ್ವ?"

"ನಾನಲ್ಲ ಕಣವ್ವ, ದೇವ್ರಾಣೆ!"

ಬಾಯೇನೋ ಹೇಳ್ತು. ಎದೆ ಡವಡವ, ನಾಲಿಗೆ ಒಣಗ್ತು, ಕಿವಿ ಬಿಸಿಯಾಯ್ತು, ಹಣೆ ಬೆವರು ಮೂಗಿಗೆ ಇಳೀತು.

ಅವಳು ಸೆರಗಲ್ಲಿ ನನ್ನ ಹಣೆ ಒರೆಸಿ, ಕುಂಕುಮ ಇಟ್ಟು, ಎಲ್ರ ಮುಂದೇನೇ ಕೇಳಿದ್ಲು: "ಈ ಪಾಟಿ ಬೆವರ್ತಿದ್ದೀಯಲ್ಲ ದೊಡ್ಡವ್ವ, ನಿಂಗೆಷ್ಟು ತಿಂಗ್ಳು?"