ಉಜ್ಜನಪ್ಪನವರ ಪೇಟ

ವೈಕುಂಠ ಸಮಾರಾಧನೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಶಾಮಲಾ ತೀರಿಹೋದ ಗಂಡ ತ್ರಿವಿಕ್ರಮನ ಜರಿಪೇಟವನ್ನು ಬಿಸಿಲಿಗಿಟ್ಟಳು. ತಪ್ಪಾಗಿದ್ದು ಅಲ್ಲೇ.

ಪಕ್ಕದ ಮನೆಯ ನರಸಿಂಹಮೂರ್ತಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಅದು ತ್ರಿವಿಕ್ರಮ ಭದ್ರಾವತಿ ಉಜ್ಜನಪ್ಪನ ಹತ್ರ ಎರವಲು ತಂದಿದ್ದಲ್ವೇನಮ್ಮ? ಸತ್ತೋರು ಎರವಲು ತಂದಿದ್ದು ಮನೇಲಿರಬಾರದು. ಇವತ್ತೇ ಕೊಟ್ಬಿಡು."

"ಅವಳೀಗ ಹೊಸಿಲು ದಾಟಬಾರದು ರೀ!" ಎಂದು ಒಳಗಿನಿಂದ ಅವರ ಹೆಂಡತಿ ಸೀತಾಲಕ್ಷ್ಮಿ ಕೂಗಿದರು.

"ದಾಟಬಾರದು. ಆದ್ರೆ ಇವತ್ತೇ ಕೊಡಬೇಕು."

ಎರವಲು ನಿಜ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಬರಿದಲೆಯಲ್ಲಿ ಹೋಗುವಂತಿರಲಿಲ್ಲ. ಹೊಸ ಸದಸ್ಯ ತ್ರಿವಿಕ್ರಮನಿಗೆ ಹಳೆಯ ಸದಸ್ಯ ಉಜ್ಜನಪ್ಪ ಪೇಟ ಕೊಟ್ಟಿದ್ದರು. ಮುಂದಿನ ಚುನಾವಣೆಯಲ್ಲಿ ಸೋತ ತ್ರಿವಿಕ್ರಮ ಪುಣೆಗೆ ಹೋಗಿ ಲಾ ಓದಿ ಬಂದ. ಸಭೆಯಲ್ಲಿ ಯಾರೂ ಕೇಳದ ಭಾಷಣವನ್ನು ಕೋರ್ಟಿನಲ್ಲಿ ಮುಂದುವರಿಸಿದ, ಅದೇ ಪೇಟದಲ್ಲಿ. ಹಲಸಿನ ಹಣ್ಣಿನಂಥ ಅವನ ತಲೆಗೆ ಪೇಟ ಹಿಗ್ಗಿತ್ತು. ಬರಿದೇ ಇಟ್ಟರೂ ಅವನೇ ಕೂತಂತಿತ್ತು. ಶಾಮಲೆಗೆ ಉಳಿಸಿಕೊಳ್ಳಬೇಕೆನಿಸಿದ್ದು ಅದೊಂದನ್ನೇ. ಆದರೂ ಹೊಸಿಲು ದಾಟಿ ಭದ್ರಾವತಿಯ ಬಸ್ಸು ಹತ್ತಿದಳು.

ದಾರಿಯಲ್ಲಿ ಮಲವಗೊಪ್ಪದಲ್ಲಿ ಹತ್ತಿದ ಗಂಡನ ಕಕ್ಷಿಗಾರ ಕರಿಯಣ್ಣ, ಅವಳ ತೊಡೆಯ ಮೇಲಿದ್ದ ಪೇಟಕ್ಕೆ ಕೈಮುಗಿದ. "ಲಾಯರ್ ಸ್ವಾಮೇರು! ನನ್ನ ಗದ್ದೆ ಕೇಸು ಏನಾಯ್ತವ್ವ?"

"ಅವರು ಹೋಗಿಬಿಟ್ರು, ಕರಿಯಣ್ಣ."

"ಗೊತ್ತು ಕಣವ್ವ. ವಾಯಿದೆ ಯಾವತ್ತು ಅಂತ ಹೇಳಿ ಹೋದ್ರಾ?"

ಭದ್ರಾವತಿಯವರೆಗೂ ಇಡೀ ಬಸ್ಸು ಆ ಕೇಸು ನಡೆಸಿತು.

ಉಜ್ಜನಪ್ಪ ಪೇಟವನ್ನು ತಲೆಗಿಟ್ಟುಕೊಂಡು ನೋಡಿದರು. ಮೂಗಿನವರೆಗೆ ಇಳಿಯಿತು. "ನಂಗ್ಯಾಕೆ ತಾಯಿ ಇದು? ನೀವೇ ಇಟ್ಕೊಳ್ಳಿ."

ಶಾಮಲೆಗೆ ಉಸಿರು ಬಂದಂತಾಯಿತು. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದರು.

"ಇದು ನಂದೇ ಅಲ್ಲ ತಾಯಿ! ಮೊದಲ್ನೇ ಸಭೆಗೆ ನಾನೂ ಎರವಲು ತಂದಿದ್ದೆ, ನಿಮ್ಮ ಪಕ್ಕದ್ಮನೆ ನರಸಿಂಹಮೂರ್ತಿ ಹತ್ರ. ನಾನು ಮರೆತೆ, ಅವನೂ ಮರೆತ. ನೀವು ಸುಮ್ನಿದ್ರೆ ಆಯ್ತು."

ಸುಮ್ಮನಿರಬೇಕೆಂದೇ ಅವಳು ಬಂದಳು. ಆದರೆ ಕಾಂಪೌಂಡಿನ ಮೇಲೆ ಆ ಕತ್ತು ಕಾಯುತ್ತಿತ್ತು.

"ವಾಪಸ್ ಯಾಕ್ ತಂದೆ? ಎಷ್ಟು ಸಲ ಹೇಳ್ಲಮ್ಮ? ಅದರ ಯಜಮಾನ ಯಾರೋ ಅವನ ಕೈಗೇ ಹಾಕ್ಬೇಕು! ಬಿ.ಎ. ಓದಿದೀಯ, ಇಷ್ಟೂ ತಿಳಿಯಲ್ವ?"

"ತಗೊಳ್ಳಿ," ಎಂದಳು ಶಾಮಲಾ. "ನಿಮ್ಮದೇ."

ನರಸಿಂಹಮೂರ್ತಿ ಜರಿಯನ್ನು ತಿರುಗಿಸಿ ನೋಡಿದರು. "ಸೀತಾ, ನಮ್ಮ ಮದುವೆ ಪೇಟ ಕಣೇ!" ತಲೆಗಿಟ್ಟರು. ಕನ್ನಡಕವೂ ಮುಚ್ಚಿಹೋಯಿತು. ಪೇಟದೊಳಗಿನಿಂದ ಅವರ ದನಿ ಬಂತು: "ತೀರಾ ಸಡಿಲ ಆಗಿದೆಯಲ್ಲಮ್ಮ. ತ್ರಿವಿಕ್ರಮನಿಗೆ ನೀನೇ ಕಟ್ತಿದ್ದದ್ದಲ್ವಾ? ಬಿಚ್ಚಿ, ನನ್ನ ತಲೆಗೆ ಸರಿಯಾಗಿ ಕಟ್ಕೊಡು."

ತಂದದ್ದನ್ನು ತಂದ ಅಳತೆಯಲ್ಲೇ ಕೊಡಬೇಕು. ಶಾಮಲಾ ಕಾಂಪೌಂಡಿನ ಮೇಲೆ ಪೇಟವನ್ನಿಟ್ಟು, ಮೊದಲ ಸುತ್ತು ಬಿಚ್ಚಿದಳು.