ಹೊಗೆಯಿಲ್ಲದ ದೋಣಿಯ ಹೊಗೆ ಕಡಿತ

ಲಾಬುವಾಂಗ್ ಬಂದರಿಗೆ ಬರುವ ಪ್ರತಿಯೊಂದು ಸರಕು ದೋಣಿಯೂ ತಾನು ಬಿಡುವ ಹೊಗೆಯಲ್ಲಿ ಮೂರನೇ ಒಂದು ಪಾಲನ್ನು ಕಡಿಮೆ ಮಾಡತಕ್ಕದ್ದು, ತಪ್ಪಿದಲ್ಲಿ ಅಂಥ ದೋಣಿಗೆ ಕಟ್ಟೆಯಲ್ಲಿ ಹಗ್ಗ ಬಿಗಿಯಲು ಅವಕಾಶವಿರತಕ್ಕದ್ದಲ್ಲ ಎಂದು ಹಸಿರು ಬಂದರು ಕಚೇರಿಯು ಆಜ್ಞೆ ಹೊರಡಿಸಿತು. ಆಜ್ಞೆ ಸಮುದ್ರದ ಒಳಿತಿಗಾಗಿಯೇ ಇತ್ತು. ಸುಲಾವೆಸಿ ದ್ವೀಪದ ಆ ದಂಡೆಯಲ್ಲಿ ಅದನ್ನು ಯಾರೂ ವಿರೋಧಿಸಲಿಲ್ಲ. ಮೀನುಗಳ ಅಭಿಪ್ರಾಯ ಕೇಳಿರಲಿಲ್ಲ, ಅಷ್ಟೇ.

ಕಡಿಮೆ ಮಾಡುವುದೆಂದರೆ ಯಾವುದಕ್ಕಿಂತ ಕಡಿಮೆ ಎಂದು ಮೊದಲು ಗೊತ್ತಾಗಬೇಕಲ್ಲ. ಅದಕ್ಕಾಗಿ ಒಂದಿಡೀ ತಿಂಗಳನ್ನು ‘ಅಳತೆಯ ತಿಂಗಳು’ ಎಂದು ಘೋಷಿಸಲಾಯಿತು. ಆ ತಿಂಗಳು ಬಿಟ್ಟದ್ದೇ ಆಯಾ ದೋಣಿಯ ಮೂಲ ಹೊಗೆ. ಎಂಜಿನ್ ದೋಣಿಯವರೇನು ದಡ್ಡರೇ? ಮೂಲ ದೊಡ್ಡದಾದಷ್ಟೂ ಕಡಿತ ಸುಲಭವೆಂದು ಅರಿತು, ಕಟ್ಟೆಗೆ ಕಟ್ಟಿದ ದೋಣಿ ಕಟ್ಟಿದಂತೆಯೇ ಹಗಲೂ ರಾತ್ರಿ ಎಂಜಿನ್ ಓಡಿಸಿದರು. ಊರಿಗೆ ಊರೇ ಕೆಮ್ಮಿತು. ಬಿಸಿಲಿಗೆ ಒಣಹಾಕಿದ್ದ ಮೀನು ಹೊಗೆ ಹಾಕಿದ ಮೀನೆಂದು ಮಾರಾಟವಾಯಿತು. ಮರುತಿಂಗಳು ಎಲ್ಲರೂ ಎಂದಿನಷ್ಟೇ ಎಂಜಿನ್ ಓಡಿಸಿದಾಗ ಹೊಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಎಲ್ಲರಿಗೂ ಕಟ್ಟೆಗೆ ಬರುವ ಅನುಮತಿಯ ಹಸಿರು ಪಟ್ಟಿ ಸಿಕ್ಕಿತು, ಅಭಿಯಾನ ಯಶಸ್ವಿಯಾಯಿತು.

ಇಷ್ಟೆಲ್ಲ ಆಗುವಾಗ ಹಾಯಿದೋಣಿಯ ಯಜಮಾನ ದಾಯೆಂಗ್ ರೇವಾ ಊರಲ್ಲಿರಲಿಲ್ಲ. ಈರುಳ್ಳಿ ತರಲು ಕಡಲಾಚೆಯ ಬೀಮಾ ಬಂದರಿಗೆ ಹೋಗಿದ್ದವನು ಗಾಳಿ ತಿರುಗುವ ತನಕ ಅಲ್ಲೇ ಕೂತಿದ್ದ. ಅವನ ‘ಬುಂಗಾ ಲಾವುತ್’ ಆ ದಂಡೆಯಲ್ಲಿ ಬರೀ ಹಾಯಿಯ ಮೇಲೆ ಸರಕು ಸಾಗಿಸುತ್ತಿದ್ದ ಕಟ್ಟಕಡೆಯ ದೋಣಿ. ಎಂಜಿನ್ ಯಾಕೆ ಹಾಕಿಸಲಿಲ್ಲವೋ ಎಂದರೆ, “ಬೀಸೋ ಗಾಳಿ ಇರೋವಾಗ ಎಣ್ಣೆ ಕುಡಿಯೋ ಯಂತ್ರ ಯಾಕಪ್ಪ?” ಎನ್ನುತ್ತಿದ್ದ. ಬಂದರಿನ ತುಂಬ ಹಸಿರು ಬಾವುಟ ಕಂಡು, ಹೊಸ ಆಜ್ಞೆಯ ಸುದ್ದಿ ಕೇಳಿ, ಹೊಗೆ ಬಿಡುವವರಿಗೆ ಶಿಕ್ಷೆ ಎಂದಮೇಲೆ ತನಗೆ ಸನ್ಮಾನವೇ ಎಂದುಕೊಂಡ. ಮುಖ ತೊಳೆದು, ಕರಿ ಟೋಪಿ ಹಾಕಿಕೊಂಡು ಕಚೇರಿಗೆ ಹೋದ.

ಕಚೇರಿಯ ಮುಖ್ಯಸ್ಥರು ಪಾಕ್ ಬುರ್ಹಾನ್, ಎಂದರೆ ಬುರ್ಹಾನ್ ಸಾಹೇಬರು. ಸಭ್ಯರು. ಯಾರಿಗೂ ಇಲ್ಲವೆನ್ನುವ ಮುನ್ನ ಕೂರಲು ಹೇಳುವವರು.

“ಕೂತ್ಕೊಳ್ಳಿ ದಾಯೆಂಗ್. ನಿಮ್ಮ ಮೂಲ ಹೊಗೆ ಎಷ್ಟು?”

“ಹೊಗೆನಾ? ನಾನು ಸೇದೋ ಲವಂಗದ ಸಿಗರೇಟು ಬಿಟ್ರೆ ಇನ್ನೇನಿಲ್ಲ ಪಾಕ್.”

“ಅದು ನಿಮ್ಮ ಸ್ವಂತದ್ದು, ದೋಣಿಯದ್ದಲ್ಲ. ಪರಿಗಣಿಸೋಕೆ ಬರಲ್ಲ.” ಬುರ್ಹಾನರು ನಿಜವಾಗಿಯೂ ವಿಷಾದಪಟ್ಟರು. “ಇರಲಿ, ಎಷ್ಟು ಕಡಿಮೆ ಮಾಡಿದಿರಿ?”

“ಇಲ್ಲದ್ದನ್ನ ಹೆಂಗೆ ಕಡಿಮೆ ಮಾಡೋದು?”

“ಅಂದ್ರೆ ಮಾಡಿಲ್ಲ.”

“ಮಾಡಿಲ್ಲ ಅಂದ್ರೆ... ಮಾಡೋಕೆ ಇದ್ರೆ ತಾನೇ!”

“ನಾನು ನಿಮ್ಮನ್ನ ಬೈತಾ ಇಲ್ಲ. ಆದ್ರೆ ಇಡೀ ಬಂದರಲ್ಲಿ ಹೊಗೆ ಕಡಿಮೆ ಮಾಡದೇ ಇರೋ ದೋಣಿ ನಿಮ್ಮದೊಂದೇ. ಮೇಲಿನವರು ಬಂದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಲಿ?”

“ಬೋಳು ತಲೆಯವನಿಗೆ ಕೂದಲು ಕತ್ತರಿಸ್ಕೊಂಡು ಬಾ ಅಂದಂಗಾಯ್ತಲ್ಲ ಇದು!”

“ಕ್ಷೌರ ನಮ್ಮ ಇಲಾಖೆಗೆ ಬರಲ್ಲ,” ಎಂದರು ಬುರ್ಹಾನ್. ಆಮೇಲೆ ದನಿ ತಗ್ಗಿಸಿ ದಾರಿಯನ್ನೂ ತೋರಿಸಿದರು. “ಒಂದು ಎಂಜಿನ್ ಹಾಕಿಸಿ. ನಿಮಗೋಸ್ಕರ ಇನ್ನೊಂದು ಅಳತೆ ತಿಂಗಳು ಕೊಡ್ತೀನಿ. ಚೆನ್ನಾಗಿ ಹೊಗೆ ಬಿಡಿ, ಆಮೇಲೆ ನಿಲ್ಲಿಸಿ. ಯಾರು ಬೇಡ ಅಂತಾರೆ?”

“ನಿಲ್ಲಿಸೋಕೆ ಅಂತ ಹಾಕಿಸ್ಬೇಕಾ?”

“ಹಾಕಿಸದೆ ನಿಲ್ಲಿಸಿದ್ರೆ ನಿಲ್ಲಿಸಿದ್ದಕ್ಕೆ ಪುರಾವೆ ಏನು?”

ಎಂಜಿನ್‌ಗಳು ಬುರ್ಹಾನರ ಭಾವಮೈದುನನ ಅಂಗಡಿಯಲ್ಲಿ ಸಿಗುತ್ತಿದ್ದವು. ಅಲ್ಲಿ ಹಳೆಯವು ಮಾತ್ರ. ಹೊಸ ಎಂಜಿನ್ ಹೊಗೆ ಕಾರುವುದು ಕಡಿಮೆ, ಅದರಿಂದ ಹೇಳಿಕೊಳ್ಳುವಂಥ ಮೂಲ ಏಳುವುದಿಲ್ಲ ಎಂದು ಬುರ್ಹಾನರೇ ವಿವರಿಸಿದರು.

ರೇವಾ ಒಪ್ಪಲಿಲ್ಲ, ಎದ್ದು ಬಂದ. ಬುಂಗಾ ಲಾವುತ್ ಕಟ್ಟೆಯಿಂದ ಕಲ್ಲೆಸೆತದ ದೂರದಲ್ಲಿ ಲಂಗರು ಹಾಕಿ ನಿಂತಿತು. ಈರುಳ್ಳಿ ಅಲ್ಲೇ ಮೊಳಕೆ ಒಡೆಯತೊಡಗಿದಾಗ, ಹಸಿರು ಪಟ್ಟಿಯ ಎಂಜಿನ್ ದೋಣಿಗಳು ಒಂದರ ಹಿಂದೊಂದು ಬಂದು, ಬುಡುಬುಡು ಹೊಗೆ ಬಿಡುತ್ತ, ನಾಲ್ಕು ನಾಲ್ಕು ಮೂಟೆಯಂತೆ ದಡಕ್ಕೆ ಸಾಗಿಸಿದವು. ಇದಕ್ಕೆ ‘ಪರಿಸರಸ್ನೇಹಿ ಸಾಗಣೆ’ ಎಂದು ಹೆಸರು, ಹೆಸರಿಗೆ ತಕ್ಕ ಬಾಡಿಗೆ.

ಸಂತೆಯಲ್ಲಿ ಈರುಳ್ಳಿ ಮಾರುವವಳು ರೇವಾನ ಹೆಂಡತಿ ರಾಬಿಯಾ. ಆ ದಿನ ಅವಳ ಬಾಯಿಗೆ ಕೈ ಅಡ್ಡ ಇಡುವವರು ಯಾರೂ ಇರಲಿಲ್ಲ.

“ಬೀಮಾದಿಂದ ಇಲ್ಲಿ ತನಕ ಪುಕ್ಕಟೆ ಬಂದ ಈರುಳ್ಳಿ ಇದು! ಕಣ್ಣೆದುರಿನ ಕಟ್ಟೆ ಮುಟ್ಟೋಕೆ ಬಾಡಿಗೆನೇ ಲಾಭನೆಲ್ಲ ನುಂಗಿ ನೀರು ಕುಡೀತು! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಇವರು, ಇವರ ಹತ್ರ ನ್ಯಾಯ ಮಾತಾಡೋಕೆ ಹೋಗಿದ್ಯಲ್ಲ ನೀನು.”

“ಇನ್ನೇನು ಮಾಡ್ಲಿ ಹೇಳೇ?”

“ಇನ್ನೊಂದು ಸಲ ಹಿಂಗಾದ್ರೆ ದೋಣಿ ನಮ್ಮದಲ್ಲ. ಬಾಲಿಯ ಆ ಪ್ರವಾಸದ ಕಂಪನಿಯವನು ಕೇಳ್ತಾನೇ ಇದಾನೆ. ದೋಣಿ ಹೊಟ್ಟೆ ಒಳಗೆ ಮಂಚ ಹಾಕಿ, ಮೇಲೆ ಬಿಯರ್ ಮಾರ್ತಾನಂತೆ. ಅವನಿಗೆ ಕೊಡ್ತೀಯೋ, ಎಂಜಿನ್ ಹಾಕಿಸ್ತೀಯೋ?”

ರೇವಾನಿಗೆ ದೋಣಿ ಮಾರುವುದಕ್ಕಿಂತ ಸಾಯುವುದು ಮೇಲು. ಎಂಜಿನ್‌ಗೆ ಒಪ್ಪಿದ.

ಆದರೆ ದೋಣಿ ಕಟ್ಟಿದ ಮಾವ ಪುವಾಂಗ್ ಸಲ್ಲೆ ಒಪ್ಪಲಿಲ್ಲ. ಆ ಕಡೆ ದೋಣಿಯೆಂದರೆ ಹುಟ್ಟಿದ ಮಗು. ನೀರಿಗಿಳಿಸುವ ಮುನ್ನ ಕಟ್ಟಿದವನೇ ಅಡಿಮರದ ನಡುವೆ ತೂತು ಕೊರೆದು, ಮಂತ್ರ ಹೇಳಿ, ಹೊಕ್ಕುಳು ಮಾಡಬೇಕು. ಈಗ ನೀರೊಳಗಿನ ಚಕ್ರ ತಿರುಗಿಸುವ ಎಂಜಿನ್ನಿನ ದಂಡ ಹಾಯಿಸಲು ಹಿಂದುಗಡೆ ಇನ್ನೊಂದು ತೂತು ಬೇಕಾಗಿತ್ತು.

“ಒಂದು ಮಗೂಗೆ ಎರಡು ಹೊಕ್ಕುಳು ಎಲ್ಲಾದ್ರೂ ಕಂಡಿದೀಯೇನೋ? ನಾನು ದೋಣಿ ಕಟ್ಟೋನು ಕಣೋ, ಕಟುಕ ಅಲ್ಲ!”

ರೇವಾ ಈ ಆಕ್ಷೇಪಣೆಯನ್ನು ಕಚೇರಿಗೆ ಒಯ್ದ. ಕಚೇರಿ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಾರದೊಳಗೆ ಪ್ರಕಟಣೆಯೇ ಬಂತು: “ಸರಕು ದೋಣಿಯೊಂದಕ್ಕೆ ಎರಡನೆಯ ಹೊಕ್ಕುಳನ್ನು ತೆಗೆಯಲು ಈ ಕಚೇರಿಯ ಅಭ್ಯಂತರವಿರುವುದಿಲ್ಲ. ಸದರಿ ಹೊಕ್ಕುಳು ಹಿಂಭಾಗದಲ್ಲಿರತಕ್ಕದ್ದು. ಮೊದಲನೆಯದನ್ನು ಮುಚ್ಚುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದು.”

ಸರ್ಕಾರವೇ ಹೇಳಿದ ಮೇಲೆ ಮುದುಕ ಬೈರಿಗೆ ಹಿಡಿದ. ಮಂತ್ರ ಹೇಳಿಯೇ ಕೊರೆದ. ತೂತು ಆದಮೇಲೆ ಅಳಿಯನ ಮುಖ ನೋಡದೆ ಮನೆಗೆ ನಡೆದ. ಎಂಜಿನ್ ಗುರುಗುಟ್ಟಿ ಮೊದಲ ಕರಿಹೊಗೆ ಹಾಯಿಗೆ ಬಡಿದಾಗ ರೇವಾ, “ಅಯ್ಯೋ ನನ್ನ ಕಂದಾ” ಎಂದು ಹಗ್ಗದ ಸುರುಳಿಯ ಮೇಲೆ ಕೂತು ಬಾಯಿಬಿಟ್ಟು ಅತ್ತ. ಪಕ್ಕದಲ್ಲಿ ಅಳತೆಯ ಯಂತ್ರ ಹಿಡಿದಿದ್ದ ಬುರ್ಹಾನರು, “ಪರವಾಗಿಲ್ಲ, ಆದ್ರೆ ಇನ್ನೂ ಸ್ವಲ್ಪ ಬರಬೇಕು,” ಎಂದರು.

ಭಾವಮೈದುನನ ಸಲಹೆಯಂತೆ ಡೀಸೆಲ್‌ಗೆ ಬಾಳೆಕಾಯಿ ಕರಿದ ಹಳೇ ಎಣ್ಣೆ ಬೆರೆಸಿದಾಗ ಬಂತು. ತಿಂಗಳಿಡೀ ಬುಂಗಾ ಲಾವುತ್ ನಿಂತಲ್ಲೇ ನಿಂತು ಹೊಗೆ ಬಿಟ್ಟಿತು. ತಿಂಗಳು ಮುಗಿದೊಡನೆ ರೇವಾ ಎಂಜಿನ್ ಆರಿಸಿ, ಮಸಿ ಹಿಡಿದ ಹಾಯಿ ಏರಿಸಿ, ಬೀಮಾಕ್ಕೆ ಹೋಗಿ ಈರುಳ್ಳಿ ತಂದ. ಅಳೆದರು. ಹೊಗೆ ಸೊನ್ನೆ. ಮೂರನೇ ಒಂದು ಪಾಲಲ್ಲ, ಪೂರ್ತಿ ಕಡಿತ! ಅಂಥದ್ದು ಆ ಬಂದರಿನ ಚರಿತ್ರೆಯಲ್ಲೇ ಆಗಿರಲಿಲ್ಲ.

ಸಮಾರಂಭ ನಡೆಯಿತು. ರೇವಾನಿಗೆ ಹಸಿರು ಪಟ್ಟಿಯ ಜೊತೆ ಹಸಿರು ಸಾರೊಂಗ್ ಪಂಚೆ ಉಡಿಸಿದರು. “ಡೀಸೆಲ್ ತೊರೆದು, ಗಾಳಿಯೆಂಬ ನೂತನ ಇಂಧನವನ್ನು ಅಳವಡಿಸಿಕೊಂಡ ಮೊದಲಿಗರು ದಾಯೆಂಗ್ ರೇವಾ,” ಎಂದು ಬುರ್ಹಾನರು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದನದ ಮಾಂಸದ ಸಾರಿನ ಊಟವಿದ್ದುದರಿಂದ ಮಾವ ಸಲ್ಲೆಯೂ ಬಂದು ತಟ್ಟಿದ.

ರೇವಾ ಬುರ್ಹಾನರ ಕಿವಿಯಲ್ಲಿ ಕೇಳಿದ: “ಮುಂದಿನ ವರ್ಷಕ್ಕೂ ಇದೇ ಪಟ್ಟಿ ತಾನೇ ಪಾಕ್?”

“ಇಲ್ಲ ಇಲ್ಲ. ಮುಂದಿನ ವರ್ಷ, ಈ ವರ್ಷದ್ದರಲ್ಲಿ ಮತ್ತೆ ಮೂರನೇ ಒಂದು ಪಾಲು.”

“ಈ ವರ್ಷದ್ದು ಸೊನ್ನೆ ಆಯ್ತಲ್ಲ?”

ಬುರ್ಹಾನರ ಮುಖ ಇಳಿಯಿತು. “ಒಂದೇ ಏಟಿಗೆ ಎಲ್ಲ ಖಾಲಿ ಮಾಡ್ಕೊಂಡು ಬಿಟ್ರಲ್ಲ! ನಾಳೆಗೆ ಅಂತ ಸ್ವಲ್ಪ ಹೊಗೆ ಉಳಿಸ್ಕೋಬೇಕಿತ್ತು. ದುರಾಸೆ ಒಳ್ಳೇದಲ್ಲ ದಾಯೆಂಗ್.”

ರೇವಾನಿಗೆ ನಾಚಿಕೆಯಾಯಿತು. ವರ್ಷ ಮುಗಿಯಲು ಇನ್ನೂ ಸಮಯವಿತ್ತು. ಸಾರೊಂಗ್ ಎತ್ತಿ ಕಟ್ಟಿ, ವೇದಿಕೆಯಿಂದ ಇಳಿದು ಓಡಿಹೋಗಿ ಎಂಜಿನ್ ಹಚ್ಚಿದ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಆಜ್ಞೆ ಈಗ ಕಟ್ಟೆಯಿಂದ ಸಂತೆಗೆ ಮೂಟೆ ಹೊರುವ ಗಾಡಿಗಳಿಗೂ ಅನ್ವಯಿಸುತ್ತದೆ. ತುಳಿಯುವ ಮೂರು ಗಾಲಿಯ ಗಾಡಿಯ ಲಾಂಜಾ ಎಂಬ ಮುದುಕ ಮೊನ್ನೆ ರೇವಾನನ್ನು ಹುಡುಕಿಕೊಂಡು ಬಂದ. ಇಂಥ ವಿಷಯದಲ್ಲಿ ಊರಿನವರು ಕೇಳುವುದು ರೇವಾನನ್ನೇ. ಅವನು ತನ್ನ ದೋಣಿಯ ಹೊಗೆಯ ಬಣ್ಣ ನೋಡುತ್ತ, ತಿರುಗದೆ ಹೇಳಿದ:

“ಮೊದಲು ಎಂಜಿನ್ ಹಾಕಿಸು. ಅಳತೆ ತಿಂಗಳಲ್ಲಿ ಜಿಪುಣತನ ಮಾಡ್ಬೇಡ, ಧಾರಾಳವಾಗಿ ಬಿಡು. ಆಮೇಲೆ ವರ್ಷ ವರ್ಷ ಚೂರು ಚೂರೇ ಕಡಿಮೆ ಮಾಡು. ನನ್ನಂಗೆ ಅವಸರ ಮಾಡಿ ಕೈ ಸುಟ್ಕೋಬೇಡ.”

“ಹಂಗಾದ್ರೆ ಈ ಕಾಲು?”

“ಕಾಲು ಲೆಕ್ಕಕ್ಕೆ ಬರಲ್ಲ ಲಾಂಜಾ.”

ಲಾಂಜಾ ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡು, ಹೌದೆಂದು ತಲೆಯಾಡಿಸಿ, ಗಾಡಿ ಹತ್ತಿದ. ಬುರ್ಹಾನರ ಭಾವಮೈದುನನ ಎಂಜಿನ್ ಅಂಗಡಿ ದೂರವಿತ್ತು, ಬಾಗಿಲು ಹಾಕುವ ಮುನ್ನ ಮುಟ್ಟಬೇಕೆಂದು ಜೋರಾಗಿ ತುಳಿದ.